ಕೋವಿಯ ಸ್ಕೋಪು: ಉಡುಪಿ ಸೀಮೆಯ ಕಾಡಿಗೆ ಒಪ್ಪುವ ಆಯ್ಕೆ

ಕೋವಿಯ ಸ್ಕೋಪು ಎಂದರೆ ರೈಫಲ್ ಮೊದಲಾದ ಕೋವಿಗಳ ನಳಿಗೆಯ ಮೇಲೆ ಕೂರಿಸುವ ಕಿರು ದೂರದರ್ಶಕ. ಗುರಿಯನ್ನು ಹಿಗ್ಗಿಸಿ ತೋರಿಸುವುದು ಇದರ ಒಂದು ಕೆಲಸ. ಗುರಿಯನ್ನೂ ಗುರಿಗೆರೆಯನ್ನೂ ಒಂದೇ ನೋಟದಲ್ಲಿ ಸ್ಪಷ್ಟವಾಗಿ ಕಾಣಿಸುವುದು ಇನ್ನೊಂದು ಕೆಲಸ. ಬೋಳುಗುಡ್ಡ, ಮರುಭೂಮಿ, ಹುಲ್ಲುಗಾವಲುಗಳಿಗಾಗಿ ತಯಾರಾದ ಸ್ಕೋಪು ದಟ್ಟ ಕಾಡಿನಲ್ಲಿ ತೊಡಕಾಗುತ್ತದೆ. ಕಾಡಿನಲ್ಲಿ ದೂರ ಕಡಿಮೆ, ಬೆಳಕು ಕಡಿಮೆ, ಅಡ್ಡ ಬರುವ ಕೊಂಬೆ ಬಳ್ಳಿಗಳು ಹೆಚ್ಚು. ಅಲ್ಲಿ ಸ್ಕೋಪಿನ ಬೆಲೆಯನ್ನು ನಿರ್ಧರಿಸುವುದು ಅದರ ನೋಟದ ಹರವು ಮತ್ತು ಬೆಳಕು. ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು ಎರಡನೆಯ ಮಾತು.

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸೀಮೆಯಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಇಲ್ಲಿ ಮೋಜಿಗಾಗಿ, ಮಾಂಸಕ್ಕಾಗಿ ಕಾಡುಪ್ರಾಣಿಯ ಬೇಟೆಯಾಡುವುದು ಅಪರಾಧ. ಸ್ಕೋಪಿಗೆ ಈಗ ಉಳಿದಿರುವ ನ್ಯಾಯವಾದ ನೆಲೆಗಳು ಕೆಲವೇ: ಅಧಿಕಾರಿಯ ಲಿಖಿತ ಆದೇಶದ ಮೇಲೆ ನಡೆಯುವ ಬೆಳೆರಕ್ಷಣೆ, ಅರಣ್ಯ ಇಲಾಖೆ ಹಾಗೂ ಪಶುವೈದ್ಯರ ಅರಿವಳಿಕೆ ಕೋವಿ, ಗುರಿಕ್ರೀಡೆಯ ಅಭ್ಯಾಸ. ಈ ಲೇಖನವು ಸ್ಕೋಪಿನ ಆಯ್ಕೆಯನ್ನು ಈ ನೆಲ, ಈ ಮಳೆ, ಈ ಕಾನೂನಿನ ಚೌಕಟ್ಟಿನಲ್ಲಿ ಪರಿಶೀಲಿಸುತ್ತದೆ.

ನೆಲ ಮತ್ತು ಕಾಡು

1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಉಡುಪಿ ಜಿಲ್ಲೆ ಅರಬ್ಬೀ ಸಮುದ್ರಕ್ಕೂ ಪಶ್ಚಿಮ ಘಟ್ಟಕ್ಕೂ ನಡುವೆ ಇರುವ ಕಿರಿದಾದ ಪಟ್ಟಿ. ಪಡುವಣ ಅಂಚಿನ ಕಾಪುವಿನಲ್ಲಿ ಮರಳು, ತೆಂಗು, ಗಾಳಿಮರದ ತೋಪು. 1901ರ ದೀಪಸ್ತಂಭದ ಸುತ್ತ ಸಮುದ್ರದವರೆಗೆ ನೋಟ ನಿರಾತಂಕವಾಗಿ ಹರಿಯುತ್ತದೆ. ಅಲ್ಲಿಂದ ಒಳಕ್ಕೆ ಬಂದರೆ ಮುರಕಲ್ಲಿನ ಗುಡ್ಡೆಗಳು, ಅವುಗಳ ನಡುವೆ ಬೈಲುಗದ್ದೆ, ಅಡಿಕೆ ತೋಟ. ಮಣಿಪಾಲ ಇಂಥ ಒಂದು ಮುರಕಲ್ಲಿನ ಎತ್ತರದ ಮೇಲಿದೆ. ಅದರ ಬಡಗಣ ಇಳಿಜಾರಿನ ಕೆಳಗೆ ಸ್ವರ್ಣಾ ನದಿ ಹರಿಯುತ್ತದೆ. ಮೂಡಣಕ್ಕೆ ಕಾರ್ಕಳದಲ್ಲಿ ಕಪ್ಪು ಪಾದೆಗಳು, ಗೇರು ಮತ್ತು ರಬ್ಬರ್ ತೋಟಗಳು. ಅದರಾಚೆ 1987ರಲ್ಲಿ ಘೋಷಿತವಾದ, 600 ಚದರ ಕಿ.ಮೀ. ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಕಾರ್ಕಳದಲ್ಲಿಯೇ ಇದೆ. ಹೆಬ್ರಿಯ ಕಡೆ 1974ರ ಸೋಮೇಶ್ವರ ವನ್ಯಜೀವಿಧಾಮ ಆಗುಂಬೆ ಘಾಟಿಯ ಬುಡದ ನಿತ್ಯಹಸಿರು ಕಾಡನ್ನು ಒಳಗೊಂಡಿದೆ.

ಊರಿನವರ ಲೆಕ್ಕದಲ್ಲಿ ಕಾಡು ಒಂದೇ ಬಗೆಯದಲ್ಲ. ಮನೆ ತೋಟಗಳ ನಡುವಿನ ಕುರುಚಲು ಮತ್ತು ಮರಗಳ ಜಾಗ ಹಾಡಿ. ಕೃಷಿಭೂಮಿಗೆ ಅಂಟಿಕೊಂಡು ಸೊಪ್ಪು, ಸೌದೆಗೆ ಒದಗುವ ಸರ್ಕಾರಿ ಜಾಗ ಕುಮ್ಕಿ. ಘಟ್ಟದ ಬುಡದ ದಟ್ಟಣೆಯೇ ನಿಜವಾದ ಕಾಡು. ಹಾಡಿಯ ಹಳುವಿನಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆಯಾಚೆ ಏನೂ ಕಾಣದು. ರಬ್ಬರ್ ತೋಟದ ಸಾಲುಗಳ ನಡುವೆ ನೋಟ ಅದಕ್ಕಿಂತ ದೂರ ಹೋಗುತ್ತದೆ. ಸುಗ್ಗಿಯ ನಂತರದ ಬೈಲಿನಲ್ಲಿ ಮಾತ್ರ ನೂರು ಮೀಟರಿನಾಚೆಗಿನದು ತೆರೆದು ಕಾಣಿಸುತ್ತದೆ. ಕಾಡುಹಂದಿ, ಮುಳ್ಳುಹಂದಿ, ಮಂಗ, ನವಿಲು, ಘಟ್ಟದ ಅಂಚಿನಲ್ಲಿ ಕಾಡುಕೋಣ ಮತ್ತು ಕಡವೆ, ಊರೊಳಗೂ ಬರುವ ಚಿರತೆ: ಇವೆಲ್ಲ ಮನುಷ್ಯನಿಗೆ ಎದುರಾಗುವುದು ಬಹುಪಾಲು ಹಾಡಿ ಮತ್ತು ತೋಟಗಳಲ್ಲಿ, ಹತ್ತಿರದಿಂದ, ಮಬ್ಬು ಬೆಳಕಿನಲ್ಲಿ. ಆಯ್ಕೆಯ ಮೊದಲ ಸೂತ್ರ ಇಲ್ಲಿಂದಲೇ ಹೊರಡುತ್ತದೆ.

ಬೇಟೆಯ ಪರಂಪರೆ

ತುಳುನಾಡಿನ ಬದುಕಿನಲ್ಲಿ ಬೇಟೆ ಬಹು ಹಳೆಯದು. ಕೋಟಿ ಚೆನ್ನಯರ ಪಾಡ್ದನದಲ್ಲಿ ಪಂಜ ಮತ್ತು ಎಣ್ಮೂರು ಸೀಮೆಗಳ ನಡುವಿನ ವೈರಕ್ಕೆ ಕಾರಣವಾಗುವುದು ಒಂದು ಹಂದಿ ಬೇಟೆ. ಭೂಮಿತಾಯಿ ಮೈಲಿಗೆಯಾಗುವಳೆಂದು ನಂಬಿ ನೆಲ ಅಗೆಯದೆ ಆಚರಿಸುವ ಕೆಡ್ಡಸದ ದಿನಗಳಲ್ಲಿ ಗಂಡಸರು ಗುಂಪುಗೂಡಿ ಬೇಟೆಗೆ ಹೋಗುವ ಪದ್ಧತಿಯಿತ್ತು. ಅದೇ ನಾಡು ಹಂದಿಯ ರೂಪದ ಪಂಜುರ್ಲಿಯನ್ನು ದೈವವಾಗಿಯೂ ನಂಬಿ ಕೋಲ ಕೊಡುತ್ತದೆ. ಬೆಳೆ ತಿನ್ನುವ ಪ್ರಾಣಿಯ ಬಗೆಗಿನ ಭಯವೂ ಗೌರವವೂ ಇಲ್ಲಿ ಒಟ್ಟಿಗೇ ಬೆಳೆದು ಬಂದಿವೆ.

ಬೇಟೆಯ ವಿಧಾನಗಳು ಎರಡು. ಜನರೂ ನಾಯಿಗಳೂ ಸದ್ದು ಮಾಡಿ ಪ್ರಾಣಿಯನ್ನು ಹಳುವಿನಿಂದ ಎಬ್ಬಿಸಿ ಕೋವಿಯವರತ್ತ ಓಡಿಸುವುದು ಸೋವು. ಪ್ರಾಣಿ ಬರುವ ದಾರಿಯಲ್ಲಿ ಮರದ ಮೇಲೋ ಅಟ್ಟಳಿಗೆಯಲ್ಲೋ ಸದ್ದಿಲ್ಲದೆ ಕಾಯುವುದು ಮರಸು. ಸೋವಿನಲ್ಲಿ ಗುರಿ ಓಡುತ್ತಿರುತ್ತದೆ. ಮರಸಿನಲ್ಲಿ ಗುರಿ ನಿಧಾನ, ಆದರೆ ಬೆಳಕು ಇರುವುದಿಲ್ಲ. ಎರಡರಲ್ಲೂ ದೂರ ಅಲ್ಪ. ಕೆದಂಬಾಡಿ ಜತ್ತಪ್ಪ ರೈಗಳು 'ಬೇಟೆಯ ನೆನಪುಗಳು', 'ಈಡೊಂದು ಹುಲಿಯೆರಡು' ಕೃತಿಗಳಲ್ಲಿ ತುಳುನಾಡಿನ ಬೇಟೆಯ ಕಾಲವನ್ನು ದಾಖಲಿಸಿದ್ದಾರೆ. ಕೆನೆತ್ ಆಂಡರ್ಸನ್ನನ ಶಿಕಾರಿ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಮಾಲಿಕೆಯಾಗಿ ಕನ್ನಡಕ್ಕೆ ತಂದರು. ಆ ಕಾಲ ಮುಗಿದಿದೆ. ಅದರಿಂದ ಉಳಿಸಿಕೊಳ್ಳಬೇಕಾದದ್ದು ಕಾಡನ್ನು ಓದುವ ಅರಿವು: ಹೆಜ್ಜೆಗುರುತು, ಗಾಳಿಯ ದಿಕ್ಕು, ತಾಳ್ಮೆ.

ಕಾನೂನಿನ ಚೌಕಟ್ಟು

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಅನುಸೂಚಿಗಳಲ್ಲಿ ಹೆಸರಿಸಿದ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಕಾಯ್ದೆಯ ಅರ್ಥದಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ಹಿಡಿಯುವುದು, ಸೋವುವುದು, ವಿಷವಿಡುವುದು, ಇವುಗಳಿಗೆ ಯತ್ನಿಸುವುದು ಎಲ್ಲವೂ ಸೇರುತ್ತವೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅನುಸೂಚಿಗಳು ಮರುಜೋಡಣೆಯಾದವು. ಚಿರತೆ, ಕಾಡುಕೋಣ, ನವಿಲುಗಳು ಮೊದಲ ಅನುಸೂಚಿಯಲ್ಲಿವೆ, ಕಾಡುಹಂದಿ ಎರಡನೆಯದರಲ್ಲಿ. ಮೊದಲ ಅನುಸೂಚಿಯ ಪ್ರಾಣಿಯನ್ನು ಕೊಂದವರಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ ವಿಧಿಸಬಹುದು.

ಬೆಳೆಗೆ ಅಪಾಯವಾದಾಗ 11ನೇ ಸೆಕ್ಷನ್ ಒಂದು ದಾರಿ ತೋರಿಸುತ್ತದೆ. ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣಗಳನ್ನು ಬರೆದು, ಲಿಖಿತ ಆದೇಶದ ಮೂಲಕ ಎರಡನೆಯ ಅನುಸೂಚಿಯ ಪ್ರಾಣಿಯ ವಿರುದ್ಧ ಕ್ರಮಕ್ಕೆ ಅನುಮತಿ ಕೊಡಬಹುದು. ಅಂಥ ಆದೇಶದ ಮೇಲೆ ಕೊಂದ ಪ್ರಾಣಿಯೂ ಸರ್ಕಾರದ ಸೊತ್ತು. ಬೆಳೆರಕ್ಷಣೆಗೆಂದು ಪಡೆದ ಕೋವಿ ಪರವಾನಿಗೆ ತಾನೇ ಬೇಟೆಯ ಪರವಾನಿಗೆಯಾಗುವುದಿಲ್ಲ. ತೋಟದಲ್ಲಿ ಗಾಳಿಗೆ ಈಡು ಹಾರಿಸಿ ಪ್ರಾಣಿಗಳನ್ನು ಬೆದರಿಸುವುದೇ ಬಹುಪಾಲು ಕೋವಿಗಳ ನಿಜವಾದ ಉಪಯೋಗ.

ಕೋವಿಯ ಪರವಾನಿಗೆಯನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳಡಿ ಜಿಲ್ಲಾಡಳಿತ ಕೊಡುತ್ತದೆ. ಉಡುಪಿಯಲ್ಲಿ ಜಿಲ್ಲಾಧಿಕಾರಿಗಳ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ. 2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ. ಪರವಾನಿಗೆಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಚುನಾವಣೆ ಬಂದಾಗ ಕೋವಿಗಳನ್ನು ಠೇವಣಿ ಇಡುವ ಆದೇಶ ಹೊರಡುವುದು, ಬೆಳೆ ಕಾಯುವವರು ವಿನಾಯಿತಿ ಕೋರುವುದು ಕರಾವಳಿಯಲ್ಲಿ ಪರಿಚಿತ ಸಂಗತಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯಿಂದ ಇರುವ ವಿನಾಯಿತಿ ಉಡುಪಿಯವರಿಗೆ ಅನ್ವಯಿಸದು.

ಕಾರ್ಕಳ ಮತ್ತು ಹೆಬ್ರಿಯವರು ವಿಶೇಷವಾಗಿ ತಿಳಿದಿರಬೇಕಾದ ಎರಡು ವಿಧಿಗಳಿವೆ. ಅನುಮತಿಯಿಲ್ಲದೆ ವನ್ಯಜೀವಿಧಾಮದೊಳಗೆ ಆಯುಧ ಒಯ್ಯುವುದನ್ನು 31ನೇ ಸೆಕ್ಷನ್ ತಡೆಯುತ್ತದೆ. ವನ್ಯಜೀವಿಧಾಮದಿಂದ 10 ಕಿ.ಮೀ. ಒಳಗೆ ವಾಸಿಸುವ ಕೋವಿ ಪರವಾನಿಗೆದಾರರು ತಮ್ಮ ಹೆಸರು ನೋಂದಾಯಿಸಬೇಕೆಂದು 34ನೇ ಸೆಕ್ಷನ್ ಹೇಳುತ್ತದೆ. ಆ ವಲಯದಲ್ಲಿ ಹೊಸ ಪರವಾನಿಗೆಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಒಪ್ಪಿಗೆ ಬೇಕು.

ಸ್ಕೋಪಿನ ರಚನೆ ಮತ್ತು ಇತಿಹಾಸ

ಸ್ಕೋಪಿನ ಮುಂತುದಿಯಲ್ಲಿ ಬೆಳಕನ್ನು ಒಳಗೆ ತೆಗೆದುಕೊಳ್ಳುವ ಮುಂಗಾಜು, ಹಿಂತುದಿಯಲ್ಲಿ ಕಣ್ಗಾಜು. ಮುಂಗಾಜಿನಿಂದ ತಲೆಕೆಳಗಾಗಿ ಬೀಳುವ ಬಿಂಬವನ್ನು ನಡುವಿನ ಮಸೂರಗಳು ನೇರಗೊಳಿಸುತ್ತವೆ. ಅಡ್ಡ ಮತ್ತು ಉದ್ದ ಗೆರೆಗಳ ಗುರಿಗೆರೆ ಬಿಂಬ ಬೀಳುವ ಸ್ಥಾನದಲ್ಲಿಯೇ ಇರುತ್ತದೆ. ಮೇಲೆ ಮತ್ತು ಪಕ್ಕದಲ್ಲಿ ಇರುವ ತಿರುಗುಗುಂಡಿಗಳು ಗುಂಡು ಬೀಳುವ ಜಾಗಕ್ಕೆ ಗುರಿಗೆರೆಯನ್ನು ಹೊಂದಿಸುತ್ತವೆ. ಸ್ಕೋಪಿನ ಹೆಸರಿನಲ್ಲಿ ಎರಡು ಅಂಕಿಗಳಿರುತ್ತವೆ: 4×32 ಎಂದರೆ 4 ಪಟ್ಟು ವರ್ಧನೆ, 32 ಮಿ.ಮೀ. ವ್ಯಾಸದ ಮುಂಗಾಜು, 3–9×40 ಎಂದರೆ 3ರಿಂದ 9 ಪಟ್ಟಿನವರೆಗೆ ಬದಲಿಸಬಹುದಾದ ವರ್ಧನೆ, 40 ಮಿ.ಮೀ. ಮುಂಗಾಜು.

ಕೋವಿಗೆ ದೂರದರ್ಶಕ ಜೋಡಿಸುವ ಯಶಸ್ವಿ ಪ್ರಯತ್ನ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನಡೆಯಿತು. ಜಾನ್ ಚಾಪ್‌ಮನ್ ಮತ್ತು ಮಾರ್ಗನ್ ಜೇಮ್ಸ್ 1835–40ರ ನಡುವೆ ನಳಿಗೆಯಷ್ಟೇ ಉದ್ದದ ಕೊಳವೆಯ ಸ್ಕೋಪನ್ನು ರೂಪಿಸಿದರು. 1855ರಲ್ಲಿ ವಿಲಿಯಂ ಮ್ಯಾಲ್ಕಂ ಅದನ್ನು ಉತ್ತಮಪಡಿಸಿ ತಯಾರಿಸತೊಡಗಿದ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ತೆಳು ಲೇಪ ಬಳಿದು ಪ್ರತಿಫಲನ ತಗ್ಗಿಸುವ ವಿಧಾನ ಕಂಡುಹಿಡಿದ. 1940ರ ದಶಕದ ಕೊನೆಯಲ್ಲಿ ಲ್ಯೂಪೋಲ್ಡ್ ಕಂಪನಿ ಕೊಳವೆಯೊಳಗಿನ ತೇವದ ಗಾಳಿ ತೆಗೆದು ಸಾರಜನಕ ತುಂಬಿದ ಸ್ಕೋಪುಗಳನ್ನು ಮಾರುಕಟ್ಟೆಗೆ ತಂದಿತು. ಮಳೆಗಾಡಿನ ದೃಷ್ಟಿಯಿಂದ ಈ ಕೊನೆಯ ಎರಡು ಸುಧಾರಣೆಗಳೇ ದೊಡ್ಡವು: ಮೊದಲನೆಯದು ಮಬ್ಬಿನಲ್ಲಿ ಬೆಳಕು ಉಳಿಸಿತು, ಎರಡನೆಯದು ಮಳೆಗಾಲದಲ್ಲಿ ಗಾಜಿನ ಒಳಮೈ ಮಂಜಾಗದಂತೆ ಕಾಯಿತು.

ವರ್ಧನೆ ಮತ್ತು ನೋಟದ ಹರವು

ವರ್ಧನೆ ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. ಸಾಮಾನ್ಯ 4 ಪಟ್ಟಿನ ಸ್ಕೋಪಿನಲ್ಲಿ 100 ಮೀ. ದೂರದಲ್ಲಿ ಸುಮಾರು 9–10 ಮೀ. ಅಗಲ ಕಾಣುತ್ತದೆ, 9 ಪಟ್ಟಿನಲ್ಲಿ ಸುಮಾರು 4.5 ಮೀ. ಮಾತ್ರ. ದೂರ 30 ಮೀಟರಿಗೆ ಇಳಿದರೆ 4 ಪಟ್ಟಿನಲ್ಲಿ 3 ಮೀಟರಿನಷ್ಟು, 9 ಪಟ್ಟಿನಲ್ಲಿ 1.3 ಮೀಟರಿನಷ್ಟು. ಹಾಡಿಯಲ್ಲಿ ನಿಂತ ದೊಡ್ಡ ಹಂದಿಯ ಮೈಯಷ್ಟೇ ಅಗಲ ಅದು. 9 ಪಟ್ಟಿನ ಗಾಜಿಗೆ ಕಣ್ಣಿಟ್ಟವರಿಗೆ ಕಾಣುವುದು ಒಂದು ಕಪ್ಪು ತೊಗಲಿನ ತುಂಡು. ಅದರ ಹಿಂದೆ ಮರಿಯಿದೆಯೇ, ಪಕ್ಕದಲ್ಲಿ ನಾಯಿಯಿದೆಯೇ, ಆಚೆ ಸೌದೆ ತರಲು ಬಂದವರು ಇದ್ದಾರೆಯೇ ಎಂಬುದು ನೋಟದಿಂದಲೇ ಹೊರಗೆ ಉಳಿಯುತ್ತದೆ.

ಆದ್ದರಿಂದ ಕಾಡಿಗೆ ಕಡಿಮೆ ವರ್ಧನೆಯೇ ಸರಿ. 1–4×24 ಬಗೆಯ ಸ್ಕೋಪು ಮೊದಲ ಆಯ್ಕೆ. ಅದನ್ನು 1 ಪಟ್ಟಿಗೆ ಇಳಿಸಿದಾಗ ಎರಡೂ ಕಣ್ಣು ತೆರೆದು ನೋಡಬಹುದು. 30 ಮೀಟರಿನಲ್ಲಿ ಸುಮಾರು 10 ಮೀ. ಅಗಲ ಒಟ್ಟಿಗೆ ಕಾಣುತ್ತದೆ. ಬದಲಾಗದ 4×32 ಸ್ಕೋಪು ಎರಡನೆಯ ಆಯ್ಕೆ. ಅದರಲ್ಲಿ ಚಲಿಸುವ ಭಾಗಗಳು ಕಡಿಮೆ, ತೂಕ ಕಡಿಮೆ, ಕೆಡುವ ಸಾಧ್ಯತೆಯೂ ಕಡಿಮೆ. 3–9×40 ಇರುವವರು ಕಾಡಿನಲ್ಲಿ ಅದನ್ನು 3ರಲ್ಲಿಯೇ ಇಟ್ಟುಕೊಳ್ಳಬೇಕು. ಅಂಗಡಿಯ ಬಾಗಿಲಲ್ಲಿ ನಿಂತು ದೂರದ ಬೋರ್ಡು ಓದಿ ನೋಡಿ ಕೊಂಡ ಹೆಚ್ಚು ಪಟ್ಟಿನ ಸ್ಕೋಪು ಹಳುವಿನಲ್ಲಿ ಕುರುಡಾಗುತ್ತದೆ.

ಹೆಚ್ಚು ವರ್ಧನೆಗೆ ಇನ್ನೊಂದು ಅಪಾಯವಿದೆ. ಸ್ಕೋಪು ದೂರಕ್ಕೆ ನೆಟ್ಟಾಗ ಹತ್ತಿರದ ಕಡ್ಡಿ, ಬಳ್ಳಿಗಳು ಮಸುಕಾಗಿ ಕಣ್ಣಿಗೆ ಇಲ್ಲವೇ ಆಗುತ್ತವೆ. ಅಲ್ಲದೆ ಸ್ಕೋಪಿನ ನೋಟ ನಳಿಗೆಗಿಂತ ಸುಮಾರು 4 ಸೆಂ.ಮೀ. ಮೇಲಿರುತ್ತದೆ. ನೋಟಕ್ಕೆ ದಾರಿ ತೆರವಾಗಿ ಕಂಡರೂ ಗುಂಡಿನ ದಾರಿಯಲ್ಲಿ ಕೊಂಬೆ ಇರಬಹುದು. ಕೊಂಬೆ ಸೀಳಿಯೂ ನೇರ ಹೋಗುವ ಗುಂಡು ಎಂಬುದಿಲ್ಲ. ಭಾರದ ಗುಂಡೂ ಕಡ್ಡಿಗೆ ತಾಗಿ ದಾರಿ ತಪ್ಪುತ್ತದೆ. ಅಡ್ಡ ಇದ್ದರೆ ಈಡು ಹಾರಿಸಬಾರದು ಎಂಬುದೇ ಅದಕ್ಕೆ ಉತ್ತರ.

ಬೆಳಕು

ನಿತ್ಯಹಸಿರು ಕಾಡಿನ ನೆಲಕ್ಕೆ ತಲುಪುವುದು ಮೇಲಿನ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು. ಸೋಮೇಶ್ವರದ ಕಾಡಿನೊಳಗೆ ನಡುಹಗಲೂ ಸಂಜೆಯಂತಿರುತ್ತದೆ. ಹಾಗಾಗಿ ಸ್ಕೋಪಿನಿಂದ ಕಣ್ಣಿಗೆ ಎಷ್ಟು ಬೆಳಕು ಬರುತ್ತದೆ ಎಂಬುದು ಮುಖ್ಯ.

ಸ್ಕೋಪನ್ನು ಕೈಯಳತೆ ದೂರದಲ್ಲಿ ಹಿಡಿದು ಕಣ್ಗಾಜನ್ನು ನೋಡಿದರೆ ನಡುವೆ ಒಂದು ಬೆಳಕಿನ ಬಿಲ್ಲೆ ಕಾಣುತ್ತದೆ. ಅದರ ವ್ಯಾಸ ತಿಳಿಯಲು ಮುಂಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಬೇಕು. 4×32ರಲ್ಲಿ ಅದು 8 ಮಿ.ಮೀ.; 9 ಪಟ್ಟಿನಲ್ಲಿಟ್ಟ 40 ಮಿ.ಮೀ. ಸ್ಕೋಪಿನಲ್ಲಿ 4.4 ಮಿ.ಮೀ. ಮನುಷ್ಯನ ಕಣ್ಣಿನ ಪಾಪೆ ಬಿಸಿಲಿನಲ್ಲಿ 2–3 ಮಿ.ಮೀ. ಇರುತ್ತದೆ, ಕತ್ತಲಲ್ಲಿ ಎಳೆಯರಲ್ಲಿ 7 ಮಿ.ಮೀ.ವರೆಗೆ ಅರಳುತ್ತದೆ, ವಯಸ್ಸಾದಂತೆ 5 ಮಿ.ಮೀ.ಗೆ ಸೀಮಿತವಾಗುತ್ತದೆ. ಬೆಳಕಿನ ಬಿಲ್ಲೆ ಪಾಪೆಗಿಂತ ಚಿಕ್ಕದಾದರೆ ಬಿಂಬ ಮಂಕಾಗುತ್ತದೆ. ದೊಡ್ಡದಾದರೆ ಹೆಚ್ಚುವರಿ ಬೆಳಕು ವ್ಯರ್ಥವಾದರೂ ಒಂದು ಲಾಭವಿದೆ: ಅವಸರದಲ್ಲಿ ಕಣ್ಣು ಸ್ವಲ್ಪ ಸರಿದರೂ ನೋಟ ಕಪ್ಪಾಗುವುದಿಲ್ಲ.

ಗಾಜಿನ ಲೇಪವೂ ಅಷ್ಟೇ ಮುಖ್ಯ. ಲೇಪವಿಲ್ಲದ ಗಾಜಿನ ಪ್ರತಿ ಮೈಯೂ ಬೆಳಕಿನ ನೂರಕ್ಕೆ 4 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಮೈಗಳನ್ನು ದಾಟುವಷ್ಟರಲ್ಲಿ ಮೂರನೇ ಒಂದು ಪಾಲು ಬೆಳಕು ಕಳೆದುಹೋಗುತ್ತದೆ. ಎಲ್ಲ ಮೈಗಳಿಗೂ ಹಲವು ಪದರ ಲೇಪವಿರುವ ಒಳ್ಳೆಯ ಸ್ಕೋಪು ನೂರಕ್ಕೆ 90ರಷ್ಟು ಬೆಳಕನ್ನು ಕಣ್ಣಿಗೆ ಮುಟ್ಟಿಸುತ್ತದೆ. ಲೇಪವಿಲ್ಲದ ದೊಡ್ಡ ಮುಂಗಾಜಿಗಿಂತ ಲೇಪವಿರುವ ಚಿಕ್ಕ ಮುಂಗಾಜು ಮೇಲು.

ಯುರೋಪಿನಲ್ಲಿ 8×56ರಂಥ ಭಾರಿ ಸ್ಕೋಪುಗಳು ಬಳಕೆಯಲ್ಲಿವೆ. ಅಲ್ಲಿ ಮುಸ್ಸಂಜೆ ದೀರ್ಘ. ಎತ್ತರದ ಅಟ್ಟಣಿಗೆಯ ಮೇಲೆ ಕುಳಿತು ತೆರೆದ ಹೊಲದಂಚನ್ನು ಕಾಯುವ ರೂಢಿಯಿದೆ. ಭೂಮಧ್ಯರೇಖೆಗೆ ಹತ್ತಿರವಾಗಿ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ಉಡುಪಿಯಲ್ಲಿ ಸೂರ್ಯ ಮುಳುಗಿದ ಇಪ್ಪತ್ತೆರಡು ಇಪ್ಪತ್ಮೂರು ನಿಮಿಷಗಳಲ್ಲಿ ಕತ್ತಲು ಕವಿಯುತ್ತದೆ. ಆ ಕಿರು ಸಮಯಕ್ಕಾಗಿ ಭಾರದ ಗಾಜನ್ನು ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ. ಬೆಳಕು ಸತ್ತ ಮೇಲೆ ಗುರಿಯಿಡುವುದನ್ನು ನಿಲ್ಲಿಸುವುದೇ ಸುರಕ್ಷಿತ.

ಗುರಿಗೆರೆ, ಪ್ಯಾರಲಾಕ್ಸ್, ಕಣ್ಣಿನ ಅಂತರ

ಕೂದಲೆಳೆಯಂಥ ತೆಳು ಗುರಿಗೆರೆ ಗುರಿಕ್ರೀಡೆಯ ಬಿಳಿ ಕಾಗದದ ಮೇಲೆ ಚೆನ್ನ; ಕಪ್ಪು ಹಳುವಿನ ಹಿನ್ನೆಲೆಯಲ್ಲಿ ಮಾಯವಾಗುತ್ತದೆ. ಕಾಡಿಗೆ ಹೊರಬದಿ ದಪ್ಪನಾಗಿ ನಡುವೆ ತೆಳುವಾಗುವ ಗೆರೆ ಬೇಕು. ದಪ್ಪ ಭಾಗವೇ ಕಣ್ಣನ್ನು ನಡುವಿಗೆ ಎಳೆಯುತ್ತದೆ. ನಡುವೆ ಸಣ್ಣ ಕೆಂಪು ಚುಕ್ಕೆ ಬೆಳಗುವ ಗುರಿಗೆರೆಯೂ ಉಪಯುಕ್ತ. ಚುಕ್ಕೆಯ ಬೆಳಕನ್ನು ಬಹಳ ಕಡಿಮೆಗೆ ಇಳಿಸುವಂತಿರಬೇಕು; ಪ್ರಖರವಾದರೆ ಪಾಪೆ ಕುಗ್ಗಿ ಗುರಿಯೇ ಕಾಣದಾಗುತ್ತದೆ. ಬ್ಯಾಟರಿ ಮುಗಿದರೂ ಕಪ್ಪು ಗೆರೆ ಉಳಿಯುವಂತಿರಬೇಕು. ದೂರ ಅಳೆಯುವ ಹತ್ತಾರು ಗೀಟುಗಳ ಗುರಿಗೆರೆ ಈ ಕಾಡಿಗೆ ಅನಗತ್ಯ.

ಗುರಿಯ ಬಿಂಬವೂ ಗುರಿಗೆರೆಯೂ ಒಂದೇ ಸಮತಲದಲ್ಲಿ ಇಲ್ಲದಾಗ ಕಣ್ಣು ಸರಿದಂತೆ ಗೆರೆಯೂ ಗುರಿಯ ಮೇಲೆ ಸರಿದಾಡುತ್ತದೆ. ಇದೇ ಪ್ಯಾರಲಾಕ್ಸ್. ಬಹುಪಾಲು ಸ್ಕೋಪುಗಳನ್ನು ಕಾರ್ಖಾನೆಯಲ್ಲಿ 100 ಗಜ, ಅಂದರೆ 91 ಮೀಟರಿಗೆ ಹೊಂದಿಸಿರುತ್ತಾರೆ. 4×32 ಸ್ಕೋಪಿನಲ್ಲಿ 30 ಮೀಟರಿನ ಗುರಿ ನೋಡುವಾಗ ಕಣ್ಣು ಅಂಚಿಗೆ ಸರಿದರೂ ತಪ್ಪು ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಆಸುಪಾಸು. ಕಾಡಿನ ಬಳಕೆಗೆ ಇದನ್ನು ಸರಿಪಡಿಸುವ ಹೆಚ್ಚುವರಿ ಗುಂಡಿಗೆ ಹಣ ತೆರಬೇಕಾಗಿಲ್ಲ. ಹತ್ತು ಮೀಟರಿನ ಏರ್ ಗನ್ ಅಭ್ಯಾಸಕ್ಕೆ ಮಾತ್ರ ಅದು ಬೇಕಾಗುತ್ತದೆ.

ಕಣ್ಗಾಜಿನಿಂದ ಕಣ್ಣು ಎಷ್ಟು ದೂರದಲ್ಲಿದ್ದರೆ ಪೂರ್ಣ ನೋಟ ಸಿಗುತ್ತದೋ ಅದು ಕಣ್ಣಿನ ಅಂತರ. ಹಿಂದೊದೆತವಿರುವ ಕೋವಿಗೆ ಇದು 90 ಮಿ.ಮೀ.ಗಿಂತ ಕಡಿಮೆಯಿರಬಾರದು. ಕಡಿಮೆಯಾದರೆ ಒದೆತಕ್ಕೆ ಸ್ಕೋಪಿನ ಅಂಚು ಹುಬ್ಬನ್ನು ಸೀಳುತ್ತದೆ. ಇಳಿಜಾರಿನಲ್ಲಿ ಮೇಲ್ಮುಖವಾಗಿ ಗುರಿಯಿಡುವಾಗ ತಲೆ ಸಹಜವಾಗಿ ಮುಂದಕ್ಕೆ ಬರುವುದರಿಂದ ಘಟ್ಟದ ಬುಡದ ಪಾದೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕನ್ನಡಕ ಹಾಕುವವರು ಇದನ್ನು ಮೊದಲೇ ಅಳೆದು ನೋಡಬೇಕು.

ಮಳೆ, ಉಪ್ಪುಗಾಳಿ, ಬೂಷ್ಟು

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗೆ. ಇಲ್ಲಿ ಸ್ಕೋಪಿನ ಮೊದಲ ಶತ್ರು ತೇವ. ಸಾರಜನಕ ಅಥವಾ ಆರ್ಗಾನ್ ಅನಿಲ ತುಂಬಿ ರಬ್ಬರ್ ಬಳೆಗಳಿಂದ ಭದ್ರಪಡಿಸಿದ ಸ್ಕೋಪನ್ನೇ ಕೊಳ್ಳಬೇಕು. ಜಲನಿರೋಧಕತೆಯ ಐಪಿಎಕ್ಸ್7 ಗುರುತು ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆಯುವುದನ್ನು ಸೂಚಿಸುತ್ತದೆ. ಕೊಂಡ ಮೇಲೆ ಗಾಳಿಗುಳ್ಳೆ ಪರೀಕ್ಷೆ ಮಾಡುವುದಿದೆ: ಸ್ಕೋಪನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿದಾಗ ಸಂದುಗಳಿಂದ ಗುಳ್ಳೆಗಳ ಸರ ಎದ್ದರೆ ಒಳಗಿನ ಅನಿಲ ಸೋರುತ್ತಿದೆ ಎಂದರ್ಥ. ತಯಾರಕರು ಮುಳುಗಿಸಬಹುದೆಂದು ಹೇಳಿದ ಸ್ಕೋಪಿಗೆ ಮಾತ್ರ ಇದನ್ನು ಮಾಡಬೇಕು.

ಒಳಗೆ ಮಂಜು ಕಟ್ಟದಿದ್ದರೂ ಹೊರಗೆ ಕಟ್ಟುತ್ತದೆ. ಎಸಿ ಕೋಣೆಯಿಂದಲೋ ಕಾರಿನಿಂದಲೋ ಹೊರತೆಗೆದ ತಣ್ಣನೆಯ ಗಾಜಿನ ಮೇಲೆ ತೇವದ ಗಾಳಿ ಕ್ಷಣದಲ್ಲಿ ಹನಿಗಟ್ಟುತ್ತದೆ. ಚೀಲದೊಳಗೇ ಇಟ್ಟು ಹೊರಗಿನ ಬಿಸುಪಿಗೆ ಹೊಂದಿಕೊಳ್ಳಲು ಬಿಡುವುದೇ ಪರಿಹಾರ. ಮಳೆಹನಿಗೆ ಎರಡೂ ತುದಿಗೆ ಮುಚ್ಚಳ ಬೇಕು.

ಮನೆಯ ಮರದ ಕಪಾಟಿನಲ್ಲಿ, ಚರ್ಮದ ಚೀಲದಲ್ಲಿ ಇಟ್ಟ ಗಾಜಿಗೆ ಮಳೆಗಾಲ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿಯುವುದು ಕರಾವಳಿಯ ಕ್ಯಾಮೆರಾ ಮತ್ತು ದುರ್ಬೀನಿನವರೆಲ್ಲರಿಗೂ ಗೊತ್ತಿರುವ ಕಷ್ಟ. ಜೇಡರ ಬಲೆಯಂತೆ ಹಬ್ಬುವ ಈ ಶಿಲೀಂಧ್ರ ಲೇಪವನ್ನೇ ಕೊರೆಯುತ್ತದೆ; ಒಳಗೆ ಹಿಡಿದರೆ ಒರೆಸಲು ಬರುವುದಿಲ್ಲ. ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಪೊಟ್ಟಣವನ್ನು ಆಗಾಗ ಒಣಗಿಸಬೇಕು. ಕಾಪುವಿನಂಥ ಕಡಲತಡಿಯಲ್ಲಿ ಉಪ್ಪುಗಾಳಿಯೂ ಸೇರಿ ತಿರುಪು, ಬಳೆಗಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಮುರಕಲ್ಲಿನ ಕೆಂಧೂಳು ಗಾಜನ್ನು ಗೀರುತ್ತದೆ; ಮೊದಲು ಊದಿ ಧೂಳು ಹಾರಿಸಿ, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಪಂಚೆಯ ಸೆರಗಿನಿಂದ ಒರೆಸುವ ಅಭ್ಯಾಸ ಒಳ್ಳೆಯ ಗಾಜನ್ನೂ ಕೆಡಿಸುತ್ತದೆ.

ಯಾವ ಕೋವಿಗೆ ಯಾವುದು

ಕರಾವಳಿಯ ಮನೆಗಳಲ್ಲಿ ಪೊಲೀಸ್ ದಾಖಲೆಯ ಭಾಷೆಯಲ್ಲಿ ಎಸ್‌ಬಿಎಂಎಲ್ ಎಂದು ಕರೆಯುವ ಒಂಟಿ ನಳಿಗೆಯ ಕೋವಿ ಪರಿಚಿತ. ನಳಿಗೆಯ ಬಾಯಿಂದ ಮದ್ದು ಮತ್ತು ಗುಂಡು ಜಡಿದು, ಕೇಪು ಇಟ್ಟು ಹಾರಿಸುವ ಕೋವಿ ಅದು. ಹಿಂದಿನಿಂದ ತೋಟಾ ತುಂಬುವ ಒಂಟಿ ಮತ್ತು ಜೋಡು ನಳಿಗೆಯವು ಎಸ್‌ಬಿಬಿಎಲ್, ಡಿಬಿಬಿಎಲ್. ಈ ನಳಿಗೆಗಳ ಒಳಮೈ ನುಣುಪು. ಗುಂಡು ತಿರುಗುತ್ತ ಹೋಗುವುದಿಲ್ಲವಾದ್ದರಿಂದ 40–50 ಮೀಟರಿನಾಚೆ ನಂಬಿಕೆ ಇಲ್ಲ. ಇವಕ್ಕೆ ಸ್ಕೋಪು ಬೇಕಿಲ್ಲ. ತುದಿಯ ಮಣಿಯೇ ಸಾಕು. ಹಳೆಯ ನಳಿಗೆಗೆ ತೂತು ಕೊರೆದು ಸ್ಕೋಪು ಕೂರಿಸಲು ಹೋಗುವುದು ನಳಿಗೆಯನ್ನೇ ದುರ್ಬಲಗೊಳಿಸಿ ಕೈ ಮುಖಕ್ಕೆ ಕುತ್ತು ತರುತ್ತದೆ. ಕೋವಿಯಲ್ಲಿ ಯಾವ ಮಾರ್ಪಾಡಿಗೂ ಮೊದಲು ಪರವಾನಿಗೆ ಕೊಟ್ಟ ಕಚೇರಿಯನ್ನು ಕೇಳಬೇಕು.

ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುವ .315 ಬೋರಿನ ರೈಫಲ್ಲಿನಂಥ ಸುರುಳಿ ಕೊರೆದ ನಳಿಗೆಗೆ ಸ್ಕೋಪು ನಿಜವಾಗಿ ಪ್ರಯೋಜನಕ್ಕೆ ಬರುತ್ತದೆ. 1–4×24 ಅಥವಾ 4×32 ಅದಕ್ಕೆ ಸರಿ. ಇಂಥ ರೈಫಲ್ಲಿನ ಗುಂಡು ಕಿಲೋಮೀಟರುಗಟ್ಟಲೆ ಹಾರಬಲ್ಲದು. ಮನೆಗಳು ಚದುರಿ ಹಬ್ಬಿರುವ ಉಡುಪಿ ಸೀಮೆಯಲ್ಲಿ ಗುರಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದ ಕಡೆ ಅದನ್ನು ಹಾರಿಸುವಂತಿಲ್ಲ.

4.5 ಮಿ.ಮೀ. ಬೋರಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ಗನ್ನಿಗೆ ಪರವಾನಿಗೆ ಬೇಡ. ಆದರೆ ಅದರಿಂದ ಹಕ್ಕಿ ಅಳಿಲುಗಳನ್ನು ಹೊಡೆಯುವುದು ವನ್ಯಜೀವಿ ಕಾಯ್ದೆಯಡಿ ಅಪರಾಧವೇ. ಸ್ಪ್ರಿಂಗ್ ಬಗೆಯ ಏರ್ ಗನ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಸಾಮಾನ್ಯ ಸ್ಕೋಪಿನ ಒಳಭಾಗ ಇದರಿಂದ ಸಡಿಲಾಗುತ್ತದೆ. ಅದಕ್ಕೆಂದೇ ಮಾಡಿದ ಸ್ಕೋಪು ಬೇಕು. ಅಂತರರಾಷ್ಟ್ರೀಯ 10 ಮೀ. ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವಿಲ್ಲ. ಸಣ್ಣ ರಂಧ್ರದ ಗುರಿಸಾಧನ ಮಾತ್ರ.

ಅರಿವಳಿಕೆ ಕೋವಿ ಇವೆಲ್ಲಕ್ಕಿಂತ ಭಿನ್ನ. ನ್ಯೂಜಿಲೆಂಡಿನ ಪಶುವೈದ್ಯ ಕಾಲಿನ್ ಮರ್ಡಾಕ್ 1950ರ ದಶಕದಲ್ಲಿ ರೂಪಿಸಿದ ಈ ಸಾಧನ ಇಂಗಾಲದ ಡೈಆಕ್ಸೈಡ್ ಅಥವಾ ಗಾಳಿಯ ಒತ್ತಡದಿಂದ ಮದ್ದಿನ ಸೂಜಿಯನ್ನು ಎಸೆಯುತ್ತದೆ. ಉರುಳಿಗೆ ಸಿಕ್ಕ, ಬಾವಿಗೆ ಬಿದ್ದ, ಮನೆಯೊಳಗೆ ನುಗ್ಗಿದ ಚಿರತೆಯನ್ನು ಜೀವಸಹಿತ ಹಿಡಿಯುವ ಕೆಲಸ ಈ ಜಿಲ್ಲೆಯ ಅರಣ್ಯ ಸಿಬ್ಬಂದಿಗೆ ಹೊಸದಲ್ಲ. ಸೂಜಿ ನಿಧಾನ, ಅದರ ದಾರಿ ಕಮಾನಿನಂತೆ ಬಾಗಿರುತ್ತದೆ. ದೂರ ಸಾಮಾನ್ಯವಾಗಿ 10ರಿಂದ 40 ಮೀ. ಸೂಜಿ ತೊಡೆಯ ಅಥವಾ ಭುಜದ ಮಾಂಸಖಂಡಕ್ಕೇ ತಾಗಬೇಕು. ಹೊಟ್ಟೆಗೋ ಎದೆಗೋ ತಾಗಿದರೆ ಪ್ರಾಣಿ ಸಾಯಬಹುದು. ಆದ್ದರಿಂದ ವರ್ಧನೆ 1ರಿಂದ 4ರೊಳಗಿನ, ಬೆಳಗುವ ಚುಕ್ಕೆಯ ಸ್ಕೋಪು ಇದಕ್ಕೆ ಅತ್ಯುತ್ತಮ. ದೂರವನ್ನು ಕಣ್ಣಂದಾಜಿನಲ್ಲಿ ಬಿಡದೆ ಲೇಸರ್ ಅಳತೆಯಿಂದ ತಿಳಿದು ಒತ್ತಡ ಹೊಂದಿಸಬೇಕು. ಕಾಡಿಗೆ ಒಪ್ಪುವ ಸ್ಕೋಪಿನ ಗುಣಗಳೆಲ್ಲ ಒಂದು ಜೀವ ಉಳಿಸಲು ದುಡಿಯುವುದು ಇಲ್ಲಿಯೇ.

ಜೋಡಣೆ ಮತ್ತು ಗುರಿ ಹೊಂದಿಸುವಿಕೆ

ಒಳ್ಳೆಯ ಸ್ಕೋಪನ್ನು ಕೆಟ್ಟ ಬಳೆಯಲ್ಲಿ ಕೂರಿಸಿದರೆ ಹಣವೆಲ್ಲ ವ್ಯರ್ಥ. ಕೊಳವೆಯ ವ್ಯಾಸ ಸಾಮಾನ್ಯವಾಗಿ 25.4 ಅಥವಾ 30 ಮಿ.ಮೀ. ಇರುತ್ತದೆ, ಬಳೆ ಅದಕ್ಕೆ ಸರಿಯಾಗಿರಬೇಕು. ಸ್ಕೋಪು ನಳಿಗೆಗೆ ತಾಗದಷ್ಟೇ ಎತ್ತರದಲ್ಲಿ, ಆದಷ್ಟೂ ತಗ್ಗಾಗಿ ಕೂರಬೇಕು. ತಿರುಪುಗಳನ್ನು ಒಂದಾದ ಮೇಲೊಂದರಂತೆ ಸಮನಾಗಿ ಬಿಗಿಯಬೇಕು.

ಗುರಿ ಹೊಂದಿಸುವುದು ಅಧಿಕೃತ ಗುರಿಮೈದಾನದಲ್ಲಿ ಮಾತ್ರ. ಕಾಡಿನ ದೂರಕ್ಕೆ 50 ಮೀಟರಿನ ಹೊಂದಾಣಿಕೆ ಸಾಕು. ಕಾಲು ಎಂಒಎ (ಕೋನದ ಒಂದು ಅಳತೆ) ಎಂದು ಬರೆದಿರುವ ಗುಂಡಿಯ ಒಂದು ಕ್ಲಿಕ್ ಗುಂಡು ಬೀಳುವ ಜಾಗವನ್ನು 100 ಮೀಟರಿನಲ್ಲಿ ಸುಮಾರು 7 ಮಿ.ಮೀ., 50 ಮೀಟರಿನಲ್ಲಿ ಅದರರ್ಧ ಸರಿಸುತ್ತದೆ. 50 ಮೀಟರಿನಲ್ಲಿ ಗುಂಡು 36 ಮಿ.ಮೀ. ಎಡಕ್ಕೆ ಬಿದ್ದರೆ ಬಲಕ್ಕೆ ಹತ್ತು ಕ್ಲಿಕ್. ಹಾಗೆ ಹೊಂದಿಸಿದ ಕೋವಿ 10 ಮೀಟರಿನಲ್ಲಿ ಗುರಿಗೆರೆಗಿಂತ ಸುಮಾರು 3 ಸೆಂ.ಮೀ. ಕೆಳಗೆ ಹೊಡೆಯುತ್ತದೆ ಎಂಬುದು ನೆನಪಿನಲ್ಲಿರಬೇಕು. ಕೋವಿ ಬಿದ್ದರೆ, ಠೇವಣಿಯಿಂದ ಮರಳಿ ಬಂದರೆ, ಮತ್ತೆ ಪರೀಕ್ಷಿಸಬೇಕು.

ನೋಡುವುದಕ್ಕೆ ದುರ್ಬೀನು

ಸ್ಕೋಪಿನ ಅತ್ಯಂತ ಅಪಾಯದ ದುರ್ಬಳಕೆ ಅದರಿಂದ ಸುತ್ತಲೂ ನೋಡುವುದು. ಸ್ಕೋಪು ತಿರುಗಿದ ಕಡೆಗೆಲ್ಲ ನಳಿಗೆಯೂ ತಿರುಗುತ್ತದೆ. ಪೊದೆ ಅಲುಗಿದ್ದು ಹಂದಿಯಿಂದಲೋ ಹುಲ್ಲು ಕೊಯ್ಯುವವರಿಂದಲೋ ತಿಳಿಯಲು ಕೋವಿ ಎತ್ತಿದವರು ಅದಾಗಲೇ ಒಬ್ಬ ಮನುಷ್ಯನ ಮೇಲೆ ಗುರಿಯಿಟ್ಟಿರಬಹುದು. ಹಂದಿಯೆಂದು ಭ್ರಮಿಸಿ ಜೊತೆಗಾರನನ್ನೇ ಕೊಂದ ದುರಂತಗಳು ಕರಾವಳಿ ಮತ್ತು ಮಲೆನಾಡಿಗೆ ಅಪರಿಚಿತವಲ್ಲ. ಗುರುತಿಸುವುದಕ್ಕೆ ದುರ್ಬೀನು, ಗುರುತು ಖಚಿತವಾದ ಮೇಲಷ್ಟೇ ಕೋವಿ: ಈ ಕ್ರಮಕ್ಕೆ ವಿನಾಯಿತಿಯಿಲ್ಲ.

ಇದೇ ಲೆಕ್ಕಾಚಾರ ದುರ್ಬೀನಿನ ಆಯ್ಕೆಗೂ ಸಲ್ಲುತ್ತದೆ. ಕಾಡಿಗೆ 8×42 ಒಳ್ಳೆಯದು; ಬೆಳಕಿನ ಬಿಲ್ಲೆ 5.25 ಮಿ.ಮೀ., ನೋಟ ಅಗಲ, ಕೈ ನಡುಕವೂ ಅಷ್ಟಾಗಿ ಕಾಡದು. ಮಣಿಪಾಲದ ಹಾಡಿಗಳಲ್ಲಿ ಹಕ್ಕಿ ನೋಡುವ ವಿದ್ಯಾರ್ಥಿಗಳು, ಸೋಮೇಶ್ವರದ ಮರಗಳ ತುದಿಯಲ್ಲಿ ಸಿಂಗಳೀಕವನ್ನೂ ಮಂಗಟ್ಟೆ ಹಕ್ಕಿಯನ್ನೂ ಹುಡುಕುವ ಅರಣ್ಯ ವೀಕ್ಷಕರು, ಅಡಿಕೆ ತೋಟದಂಚಿನಲ್ಲಿ ಹಂದಿಯ ದಾರಿ ಪತ್ತೆಹಚ್ಚುವ ರೈತರು, ಇವರೆಲ್ಲರಿಗೂ ಸ್ಕೋಪಿಗಿಂತ ಇದೇ ಹೆಚ್ಚು ಕೆಲಸಕ್ಕೆ ಬರುವ ಗಾಜು. ಬೆಳೆಹಾನಿಗೆ ಅರಣ್ಯ ಇಲಾಖೆಯ ಪರಿಹಾರಕ್ಕೆ ಅರ್ಜಿ ಹಾಕಬಹುದು. ಸೋಲಾರ್ ಬೇಲಿ ಮತ್ತು ರಾತ್ರಿ ಕಾವಲು ಕೋವಿಗಿಂತ ಹೆಚ್ಚು ದಿನ ಬೆಳೆ ಕಾಯುತ್ತವೆ. ಈ ಸೀಮೆಯಲ್ಲಿ ಗಾಜು ಕೊಳ್ಳಲು ಹೊರಟವರು ದುರ್ಬೀನನ್ನು ಮೊದಲು ಕೊಳ್ಳಲಿ. ಪರವಾನಿಗೆ, ಲಿಖಿತ ಆದೇಶ, ಸುರುಳಿ ಕೊರೆದ ನಳಿಗೆ ಮೂರೂ ಇದ್ದವರು ಮಾತ್ರ ಆಮೇಲೆ ಕಡಿಮೆ ವರ್ಧನೆಯ, ಲೇಪ ಚೆನ್ನಾಗಿರುವ, ಮಳೆ ತಡೆಯುವ ಒಂದು ಸ್ಕೋಪನ್ನು ಆರಿಸಿಕೊಂಡರೆ ಸಾಕು.